ಹನ್ನೊಂದನೇ ಕಾಟಿನ ಪರೀಕ್ಷೆ

ಗಣಪತಿ ಕಳಿಸಿ ನಾಲ್ಕು ದಿನ ಆಗಿತ್ತು. ಹಬ್ಬಕ್ಕೆಂದು ಮನೆಗೆ ಹೋದ ಪೇಶಂಟುಗಳಲ್ಲಿ ಅರ್ಧದಷ್ಟು ಜನ ಇನ್ನೂ ಮರಳಿರಲಿಲ್ಲ. ಬೆಳಗಾವಿಯ ಖಾಸಬಾಗದ ಕಡೆಯ ಆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಇಪ್ಪತ್ನಾಲ್ಕು ಕಾಟುಗಳಿಗೆ ಹತ್ತೇ ಜನ ಉಳಿದಿದ್ದರು. ಅವರಲ್ಲಿ ಇಬ್ಬರಿಗೆ ಜ್ವರ, ಮೂವರಿಗೆ ಹಿಂದಿನ ದಿನವಷ್ಟೇ ಆಪರೇಶನ್, ಇಬ್ಬರು ಎದ್ದು ಓಡಾಡುವವರು. ಮಲಗಿದಲ್ಲೇ ಮೈ ಒರೆಸಲು ಬರುವಂಥವರು ಎಂದು ವಾರ್ಡಿನ ಸಿಸ್ಟರ್ ಚೀಟಿಯಲ್ಲಿ ಬರೆದುಕೊಟ್ಟದ್ದು ಮೂರೇ ಹೆಸರು. ನರ್ಸಿಂಗ್ ಸಾಲೆಯ ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಆ ದಿನ ಕೂತವರು ಹನ್ನೆರಡು ಹುಡುಗಿಯರು.

ಚೀಟಿಯ ಕೊನೆಯ ಹೆಸರು ಹನ್ನೊಂದನೇ ಕಾಟಿನ ಭರಮವ್ವನದು. ಪಾರಿಶ್ವಾಡದವಳು, ಎಪ್ಪತ್ತು ದಾಟಿದವಳು. ಎಮ್ಮೆ ಹಿಂಡಲು ಹೋದಾಗ ಕೊಟ್ಟಿಗೆಯ ಕಲ್ಲಿನ ಮೇಲೆ ಜಾರಿ ತೊಡೆಯ ಬುಡದಲ್ಲಿ ಮೂಳೆ ಮುರಿದುಕೊಂಡು ಬಂದಿದ್ದಳು. ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಬಿಗಿದು, ಕಾಟಿನ ತುದಿಯಲ್ಲಿ ತೂಕ ಇಳಿಬಿಟ್ಟಿದ್ದರು. ಆರು ವಾರ ಹಾಗೇ ಅಂಗಾತ ಮಲಗಬೇಕು. ಮಗಳು ಮಾಲಾ ಕಾಟಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಇರುತ್ತಿದ್ದಳು. ಭರಮವ್ವ ಡಾಕ್ಟರರು ಬಂದರೆ ಕೈ ಮುಗಿಯುವಳು, ನರ್ಸುಗಳು ಬಂದರೆ ಸೆರಗು ಸರಿಮಾಡಿಕೊಳ್ಳುವಳು, ಇಂಜೆಕ್ಷನ್ ಚುಚ್ಚಿದರೆ ಕಣ್ಣು ಮುಚ್ಚುವಳು. ಪರೀಕ್ಷೆಗೆ ಇಂಥ ಪೇಶಂಟು ಸಿಕ್ಕರೆ ಪುಣ್ಯ ಎಂದು ಎಲ್ಲರೂ ಅನ್ನುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಸಾಲೆಯ ಟ್ಯೂಟರ್ ಕಾಂತಾ ಮೂರೂ ಕಾಟುಗಳ ಹತ್ತಿರ ಹೋಗಿ ನಿಂತು, “ಆಯಿ, ಇವತ್ತ ನಮ್ಮ ಹುಡುಗ್ಯಾರ ಪರೀಕ್ಷಾ ಐತ್ರಿ. ಮೈ ಒರಸ್ತಾರ. ಸ್ವಲ್ಪ ಸಹಕಾರ ಕೊಡ್ರಿ” ಎಂದು ಒಂದೇ ಉಸಿರಿನಲ್ಲಿ ಹೇಳಿ, ಯಾರ ಉತ್ತರಕ್ಕೂ ಕಾಯದೆ ಮುಂದಿನ ಕೆಲಸಕ್ಕೆ ನಡೆದಿದ್ದಳು. ಕಾಯಲು ಪುರುಸೊತ್ತಿರಲಿಲ್ಲ. ನಲವತ್ತೆರಡು ಹುಡುಗಿಯರಿಗೆ ಸಾಲೆಯಲ್ಲಿ ಇದ್ದವರು ಇಬ್ಬರೇ ಟ್ಯೂಟರು. ಅವರಲ್ಲಿ ಒಬ್ಬಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಉಳಿದವಳು ಕಾಂತಾ. ಐವತ್ತಾರು ವರ್ಷ, ನಿವೃತ್ತಿಗೆ ಇನ್ನು ಎರಡು. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದು, ಮೊಣಕಾಲು ಮಾತು ಕೇಳದಂತಾದಾಗ ಕಲಿಸುವ ಕೆಲಸಕ್ಕೆ ಬಂದವಳು. ಇಲ್ಲಿ ಕೂತು ಮಾಡುವ ಕೆಲಸ ಇರುತ್ತದೆ ಎಂದುಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ಕೂತ ನೆನಪೇ ಅವಳಿಗೆ ಕಡಿಮೆ. ಆ ದಿನ ಅನಗೋಳದ ಮನೆಯಿಂದ ಹೊರಡುವಾಗಲೇ ಗಂಡ ನಾಗಲಿಂಗ, “ಮಾರಿ ನೋಡಕೋ ಕನ್ನಡ್ಯಾಗ. ಪರೀಕ್ಷಾ ನಿಂದಾ, ಹುಡುಗ್ಯಾರದಾ?” ಎಂದಿದ್ದ.

ಅವಳು ಕೆಟ್ಟ ಟೀಚರಾಗಿರಲಿಲ್ಲ. ಪ್ರತಿ ವರ್ಷ ಹೊಸ ಹುಡುಗಿಯರು ಬಂದಾಗ ಮೊದಲ ಪಾಠವಾಗಿ ಅವಳು ಹೇಳುತ್ತಿದ್ದುದು ಪುಸ್ತಕದಲ್ಲಿ ಇಲ್ಲದ ಮಾತು. “ಕಾಟಿನ ಮ್ಯಾಲೆ ಮಲಗಿದಾಕಿ ಕೇಸ್ ಅಲ್ಲ, ಮನಶ್ಯಾಳು. ಮುಟ್ಟೂಕಿಂತ ಮೊದ್ಲ ಹೆಸರ ಹಿಡದ ಮಾತಾಡಸ್ರಿ. ಏನ್ ಮಾಡ್ತೀವಿ ಅಂತ ಹೇಳ್ರಿ. ಮಾಡ್ಲ್ಯಾ ಅಂತ ಕೇಳ್ರಿ. ಬ್ಯಾಡ ಅಂದ್ರ ಬ್ಯಾಡ.” ಮೊದಮೊದಲು ಹೀಗೆ ಹೇಳುವಾಗ ಅವಳ ದನಿ ಏರುತ್ತಿತ್ತು. ಈಚೆಗೆ ಸಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಹೇಳಿ ಮುಗಿಸುತ್ತಿದ್ದಳು. ಹುಡುಗಿಯರು ನೋಟಿನಲ್ಲಿ ಬರೆದುಕೊಳ್ಳುತ್ತಿದ್ದರು. ಬರೆದುಕೊಂಡದ್ದನ್ನು ಯಾರಾದರೂ ನಂಬುತ್ತಾರೆಯೇ ಎಂದು ಅವಳು ಯೋಚಿಸುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಹೊರಗಿನಿಂದ ಬಂದ ಪರೀಕ್ಷಕಿಯ ಹೆಸರು ಮನಿಷಾ. ಬೇರೆ ಜಿಲ್ಲೆಯ ಸಾಲೆಯವಳು, ಚುರುಕಿನ ಹೆಂಗಸು, ನಲವತ್ತರ ಒಳಗಿನವಳು. ಐದರ ಬಸ್ಸಿಗೆ ಹೊರಡಬೇಕಾಗಿತ್ತು. ಬಂದವಳೇ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, “ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ, ಮೇಡಂ. ಒಂದ ನಿಮಿಷ ಹೆಚ್ಚಿಲ್ಲ” ಎಂದಳು. ಪೇಶಂಟುಗಳ ಜೊತೆಗಿದ್ದವರನ್ನೆಲ್ಲ ಹೊರಗೆ ಕಳಿಸಿದರು. ಮಾಲಾ ಕೂಡ ಚಾಪೆ ಸುತ್ತಿಕೊಂಡು ವರಾಂಡಕ್ಕೆ ಹೋಗಿ ಕೂತಳು.

ಹನ್ನೆರಡು ಹುಡುಗಿಯರು, ಮೂರು ಮೈಗಳು. ಲೆಕ್ಕ ಹಾಕಿದರೆ ಒಂದೊಂದು ಮೈಗೆ ನಾಲ್ಕು ಸಲ. ಕಾಂತಾ ಈ ಲೆಕ್ಕ ಹಾಕಲೇ ಇಲ್ಲ. ಒಬ್ಬಳ ಪರದೆ ಸರಿಸಿದ ಕೂಡಲೇ ಇನ್ನೊಬ್ಬಳ ಟ್ರಾಲಿ ಉರುಳುತ್ತಿತ್ತು. ಬೇಸಿನ್ ತುಂಬಬೇಕು, ಸಾಬೂನು, ಟಾವೆಲ್ ನೋಡಬೇಕು, ಅಳುವವಳಿಗೆ ನೀರು ಕುಡಿಸಬೇಕು, ಮನಿಷಾಳ ಪ್ರಶ್ನೆಗೆ ತಡವರಿಸುವವಳನ್ನು ಕಣ್ಣಿನಲ್ಲೇ ಸಮಾಧಾನ ಮಾಡಬೇಕು. ಹನ್ನೆರಡೂವರೆಗೆ ಕರೆಂಟು ಹೋಯಿತು. ಬಿಸಿನೀರು ನಿಂತಿತು. ಆಮೇಲೆ ಬಂದದ್ದೆಲ್ಲ ಉಗುರುಬೆಚ್ಚಗಿನ ನೀರು. ಹೊರಗೆ ಮಳೆ ಜಿನುಗುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಮಹೇಕಳ ಸರದಿ ಬಂತು.

ಮಹೇಕ ಖಾನಾಪುರದ ಹುಡುಗಿ. ಅಪ್ಪ ಅಲ್ಲಾಭಕ್ಷ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸದವನು. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ. ಮೂರೂ ಭಾಷೆಗಳಲ್ಲಿ ಆಕೆಯ ಮಾತು ಕಮ್ಮಿಯೇ. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ಕೈ ನಿಧಾನ, ಆದರೆ ಹಗುರ. ಅವಳಿಗೆ ಸಿಕ್ಕದ್ದು ಹನ್ನೊಂದನೇ ಕಾಟು.

ಪರದೆ ಎಳೆದು, ಟ್ರಾಲಿ ನಿಲ್ಲಿಸಿ, ಮಹೇಕ ಬಗ್ಗಿ ಕೇಳಿದಳು. “ಭರಮವ್ವಾಯಿ, ನಾ ಮಹೇಕ ಅಂತ. ನಿಮ್ಮ ಮೈ ಒರಸಾಕ ಬಂದೇನ್ರಿ. ಒರಸ್ಲ್ಯಾ?”

ಭರಮವ್ವ ಕಣ್ಣು ಬಿಟ್ಟಳು. “ಬ್ಯಾಡ ತಂಗಿ” ಎಂದಳು. “ಮುಂಜಾನಿಂದ ಮೂರ ಸಲ ತೊಳದಾರ. ಭಾಂಡೆ ತಿಕ್ಕಿದಂಗ ತಿಕ್ಯಾರ. ಥಂಡಿ ಹತ್ತೇತಿ ನನಗ. ಸಾಕು.”

ಪರದೆಯ ಅಂಚಿನಲ್ಲಿ ನಿಂತಿದ್ದ ಕಾಂತಾಳಿಗೆ ಇದು ಕೇಳಿಸಿತು. ಮನಿಷಾಳಿಗೂ ಕೇಳಿಸಿತು. ಮಹೇಕ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಒಮ್ಮೆ ಪರದೆಯ ಕಡೆ ನೋಡಿದಳು. ಆಮೇಲೆ ಬಟ್ಟೆಯನ್ನು ಬೇಸಿನ್ನಿಗೆ ಹಾಕಿದಳು. ಕಂಬಳಿಯನ್ನು ಭರಮವ್ವನ ಎದೆಯ ತನಕ ಎಳೆದು, ಹಗ್ಗ ಕಟ್ಟಿರದ ಕಾಲನ್ನು ಮುಟ್ಟಿ ನೋಡಿದಳು. ಮಂಜಿನಂತಿತ್ತು. ಒಣ ಟಾವೆಲ್ ಸುತ್ತಿ, ಎರಡು ಅಂಗೈಯಲ್ಲಿ ಪಾದ ಹಿಡಿದುಕೊಂಡಳು. “ಬ್ಯಾರೆ ಏನರ ಬೇಕೇನ್ರಿ?” ಎಂದು ಕೇಳಿದಳು.

“ಬೆನ್ನ ತುರಸಾಕತ್ತೇತಿ” ಎಂದಳು ಭರಮವ್ವ. “ಮಗಳನ್ನ ಹೊರಗ ಕಳಿಸ್ಯಾರ.”

ಮಹೇಕ ಕೈಯನ್ನು ಬೆನ್ನಿನ ಕೆಳಗೆ ತೂರಿಸಿ, ತೂಕದ ಹಗ್ಗ ಅಲುಗದ ಹಾಗೆ ನಿಧಾನವಾಗಿ ಕೆರೆದಳು, ಪೌಡರ್ ಹಾಕಿದಳು, ಸೀರೆಯ ಮಡಿಕೆ ಬಿಡಿಸಿದಳು. ಭರಮವ್ವ ಕಣ್ಣು ಮುಚ್ಚಿದಳು. ಮನಿಷಾ ಗಡಿಯಾರ ನೋಡಿದಳು. ಹದಿನಾಲ್ಕು ನಿಮಿಷ ಆಗಿತ್ತು.

“ಸ್ಪಂಜ್ ಬಾತ್ ಯಾವಾಗ ಶುರು ಮಾಡ್ತೀಯವಾ?”

“ಆಯಿ ಬ್ಯಾಡ ಅಂದಾರ್ರಿ, ಮೇಡಂ.”

“ಪೇಶಂಟ್ ಎಲ್ಲಾರೂ ಬ್ಯಾಡ ಅಂತಾರ. ಒಪ್ಪಿಸಿ ಮಾಡೂದ ನರ್ಸಿನ ಕೆಲಸ. ನಿನ್ನ ಪ್ರೊಸೀಜರ್ ಏನು ಬರದಾರ ಚೀಟ್ಯಾಗ?”

“ಸ್ಪಂಜ್ ಬಾತ್‌ರಿ.”

“ಮಾಡದಿದ್ರ ನಾ ಯಾವುದಕ್ಕ ಮಾರ್ಕ್ಸ್ ಕೊಡ್ಲಿ?”

ಮಹೇಕಳ ಕಿವಿ ಕೆಂಪಾಯಿತು. “ಬ್ಯಾಡ ಅಂದ್ರ ಬ್ಯಾಡ ಅಂತ ಕಾಂತಾ ಮೇಡಂ ಕಲಿಸ್ಯಾರ್ರಿ” ಎಂದು ಕಾಂತಾಳ ಕಡೆ ತಿರುಗಿದಳು.

ಮನಿಷಾಳೂ ತಿರುಗಿದಳು. ಕಾಂತಾ ಆ ಹೊತ್ತಿಗೆ ಆರು ಗಂಟೆಗಳಿಂದ ನಿಂತಿದ್ದಳು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿರಲಿಲ್ಲ. ಇನ್ನೂ ಐದು ಹುಡುಗಿಯರು ಹೊರಗೆ ಟ್ರಾಲಿ ಹಿಡಿದು ನಿಂತಿದ್ದರು. ಈಗ ಮಾತು ಬೆಳೆದರೆ ಮನಿಷಾ ಬಸ್ಸು ತಪ್ಪಿಸಿಕೊಳ್ಳುತ್ತಾಳೆ, ಉಳಿದವರ ಪರೀಕ್ಷೆ ನಾಳೆಗೆ ಹೋಗುತ್ತದೆ, ನಾಳೆ ಮತ್ತೆ ನಿಲ್ಲಬೇಕು. ಅವಳ ತಲೆಯಲ್ಲಿ ಓಡಿದ್ದು ಇಷ್ಟೇ. ಭರಮವ್ವನ ಮುಖವನ್ನು ಅವಳು ನೋಡಲಿಲ್ಲ.

“ಅದು ವಾರ್ಡಿನ್ಯಾಗಿನ ಮಾತು, ಮಹೇಕ” ಎಂದಳು. “ಪರೀಕ್ಷಾದಾಗ ಮಾಡಬೇಕಾಗಿತ್ತು.”

ಮಹೇಕ ಟ್ರಾಲಿಯನ್ನು ತಳ್ಳಿಕೊಂಡು ಹೊರಗೆ ಹೋದಳು. ಮನಿಷಾ ಮಾರ್ಕ್ಸ್ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸಣ್ಣದೊಂದು ಅಂಕಿ ಬರೆದಳು. ಸಂಜೆ ಕಾಂತಾ ಹಾಳೆಯ ಕೆಳಗೆ ಸಹಿ ಹಾಕಿದಳು. ಲಕೋಟೆಗೆ ಅರಗು ಹಚ್ಚಿ ಮುಚ್ಚಿದರು.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ಹನ್ನೆರಡರಲ್ಲಿ ಹನ್ನೊಂದು ಪಾಸು. ಮಹೇಕ ಪ್ರಾಕ್ಟಿಕಲ್‌ನಲ್ಲಿ ನಾಪಾಸು. ಮಾರ್ಚಿನಲ್ಲಿ ಮತ್ತೆ ಕೂರಬಹುದು ಎಂದು ಆಫೀಸಿನವರು ಹೇಳಿದರು. ಮಹೇಕ ತಲೆಯಾಡಿಸಿ ಹಾಸ್ಟೆಲಿಗೆ ಹೋಗಿ ಟ್ರಂಕು ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಯಾರಿಗೂ ಹೇಳಲಿಲ್ಲ. ಅವಳ ರೂಮಿನ ಹುಡುಗಿ ಬಂದು ತಿಳಿಸಿದಾಗ ಕಾಂತಾ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಗುರುತು ಹಾಕಿ, “ಬರ್ತಾಳ ಬಿಡು” ಎಂದಳು.

ಅಷ್ಟು ಹೊತ್ತಿಗೆ ಭರಮವ್ವನ ಕಾಲಿನ ತೂಕ ಬಿಚ್ಚಿದ್ದರು. ಮರುದಿನ ಮನೆಗೆ ಕಳಿಸುವವರಿದ್ದರು. ಕಾಂತಾ ಎರಡನೇ ವರ್ಷದ ಹುಡುಗಿಯರನ್ನು ಕರೆದುಕೊಂಡು ವಾರ್ಡಿಗೆ ಬಂದಾಗ ಮುದುಕಿ ದಿಂಬಿಗೆ ಒರಗಿ ಕೂತಿದ್ದಳು, ಮಾಲಾ ಅವಳ ತಲೆ ಬಾಚುತ್ತಿದ್ದಳು.

“ಬಾಯಾರ,” ಎಂದು ಭರಮವ್ವ ಕರೆದಳು. “ಆ ನಮ್ಮ ಖಾನಾಪುರದಾಕಿ ಎಲ್ಲಿ? ಪರೀಕ್ಷಾ ಆದಮ್ಯಾಲ ದಿನಾ ಬಂದ ಮಾತಾಡಿಸಿ ಹೋಗಾಕಿ. ನಾಕ ದಿನ ಆತು, ಕಾಣವಲ್ಲಳು.”

“ಊರಿಗೆ ಹೋಗ್ಯಾಳ.”

“ಅಕಿ ನನ್ನ ತೊಳೀಲಿಲ್ಲ. ಪಾಸ ಆತಾ?”

ಕಾಂತಾ ಹಿಂದೆ ನಿಂತ ಹುಡುಗಿಯರನ್ನು ಮುಂದಿನ ಕಾಟಿಗೆ ಕಳಿಸಿ, ಸ್ಟೂಲ್ ಎಳೆದುಕೊಂಡು ಕೂತಳು. “ಇಲ್ರಿ ಆಯಿ. ನಾಪಾಸ ಆತು” ಎಂದಳು.

ಭರಮವ್ವ ಮಗಳ ಕೈಯನ್ನು ತಲೆಯಿಂದ ಸರಿಸಿದಳು. “ನನ್ನ ಸಲುವಾಗಿ?”

“ಹೂಂ.”

“ಅಯ್ಯ ಶಿವನ!” ಮುದುಕಿ ಸಿಟ್ಟಿಲ್ಲದೆ, ಬಿತ್ತನೆಯ ಮಾತಾಡುವ ಹಾಗೆ ಹೇಳಿದಳು. “ನಾ ಮೊದಲಿನ ಮೂರೂ ಹುಡುಗ್ಯಾರಿಗೂ ಬ್ಯಾಡ ಅಂದಿದ್ನಿ, ಬಾಯಾರ. ಮೊದಲನೇದಾಕಿ ಬಂದಾಗ ಮಾಲಾ ಆಗಲೇ ಮೈ ಒರಸಿದ್ಳು. ಬ್ಯಾಡ ಅಂದ್ರ, ಒಂದೀಟ ತಡೀರಿ ಆಯಿ, ಪರೀಕ್ಷಾ ಐತಿ ಅಂದ್ಳು. ಎರಡನೇದಾಕಿ ಕೇಳಿ ಕೇಳದಂಗ ಮಾಡಿದ್ಳು. ಮೂರನೇದಾಕಿ ಅಳಾಕ ಹತ್ತಿದ್ಳು, ಹಂಗಾಗಿ ನಾನ ಸುಮ್ಮನಾದ್ನಿ. ನಾಕನೇದಾಕಿ ಬಟ್ಟಿ ಕೆಳಗ ಇಟ್ಟಳು. ಅಕಿ ಒಬ್ಬಾಕಿ.”

“ನನಗ ಮುಂಜಾನೆನ ಹೇಳಬಾರದೇನ್ರಿ?”

“ನೀವ ಕೇಳಿದ್ರ್ಯಾ?” ಎಂದಳು ಭರಮವ್ವ. “ಸಹಕಾರ ಕೊಡ್ರಿ ಅಂದ್ರಿ, ಹೋದ್ರಿ. ನಿಮ್ಮ ಬೆನ್ನಿಗೆ ಏನ್ ಹೇಳ್ಲಿ ನಾ?”

ಮಾಲಾ ತಾಯಿಯ ತೋಳು ಮುಟ್ಟಿ, “ಸುಮ್ಮಕಿರ ಯವ್ವಾ” ಎಂದು ಮೆಲ್ಲಗೆ ಗದರಿದಳು. ಕಾಂತಾ, “ಇರಲಿ, ಹೇಳ್ಲಿ ಬಿಡವಾ” ಎಂದಳು. ಆದರೆ ಭರಮವ್ವ ತಲೆಯನ್ನು ಮಗಳ ಕಡೆ ಒಡ್ಡಿ, ಜಡೆ ಮುಗಿಸು ಎಂಬಂತೆ ಕೂತಳು.

ಆ ವಾರವೆಲ್ಲ ಕಾಂತಾಳಿಗೆ ಕೆಲಸ ಸಾಗಲಿಲ್ಲ. ಪಶ್ಚಾತ್ತಾಪವೆಂದು ಅದಕ್ಕೆ ದೊಡ್ಡ ಹೆಸರು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಮೊದಲ ವರ್ಷಕ್ಕೆ ಹೊಸ ಹುಡುಗಿಯರು ಬಂದಿದ್ದರು. ಅವರ ಮುಂದೆ “ಮಾಡ್ಲ್ಯಾ ಅಂತ ಕೇಳ್ರಿ” ಎನ್ನುವ ಸಾಲು ಬಂದಾಗ ಅವಳು ಸೀಮೆಸುಣ್ಣ ಕೆಳಗಿಟ್ಟು ನೀರು ಕುಡಿಯಲು ಹೋದಳು. ಮನೆಯಲ್ಲಿ ಒಂದು ಸಂಜೆ ನಾಗಲಿಂಗನ ಮುಂದೆ ಎಲ್ಲ ಹೇಳಿದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಕೇಳಿಸಿಕೊಂಡು, “ತಪ್ಪ ಯಾರದು ಅಂತ ನಿನಗ ಗೊತ್ತೈತಿ. ನನ್ನ ಯಾಕ ಕೇಳ್ತಿ? ಖಾನಾಪುರ ಏನ್ ದೂರ ಐತಿ?” ಎಂದ.

ಭಾನುವಾರ ಹತ್ತರ ಬಸ್ಸಿಗೆ ಅವಳು ಖಾನಾಪುರಕ್ಕೆ ಹೋದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆಂಚಿನ ಕಾರ್ಖಾನೆಯ ಅಲ್ಲಾಭಕ್ಷ ಎಂದ ಕೂಡಲೇ ಸ್ಟ್ಯಾಂಡಿನ ಹಣ್ಣಿನ ಗಾಡಿಯವನು ಓಣಿ ತೋರಿಸಿದ. ಮಹೇಕಳ ತಾಯಿ ಮದರಬೀ ಅಕ್ಕಿ ಆರಿಸುತ್ತಿದ್ದವಳು ಗಡಬಡಿಸಿ ಎದ್ದು, “ಬರ್ರಿ ಬರ್ರಿ, ಕುಂದರ್ರಿ” ಎಂದು ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಅಲ್ಲಾಭಕ್ಷ ಒಳಗಿನಿಂದ ಬಂದ. ಭಟ್ಟಿಯ ಬಿಸಿಗೆ ಮುಖ ಕಂದಿದ್ದ, ತೆಳ್ಳಗಿನ ಮನುಷ್ಯ. ನಮಸ್ಕಾರ ಮಾಡಿ ಗೋಡೆಗೆ ಒರಗಿ ನಿಂತ. ಮಹೇಕ ಹೊಲಿಗೆ ಕಲಿಯಲು ಎರಡು ಮನೆ ಆಚೆ ಹೋಗಿದ್ದಳು. ಮದರಬೀ ಕರೆಕಳಿಸಿದಳು.

“ಅಕಿಗೆ ನೀವರ ಬುದ್ಧಿ ಹೇಳ್ರಿ ಮೇಡಂ,” ಎಂದಳು ಮದರಬೀ. “ಪರೀಕ್ಷಾದಾಗ ಹೇಳಿದ್ದ ಮಾಡಿದ್ರ ಮುಗೀತಿತ್ತು. ಹೇಳಿದ್ದ ಮಾಡಲಾರದ ನೌಕರಿ ಯಾರ ಕೊಡ್ತಾರ? ಈಗ ನೋಡಿದ್ರ ಹೊಲಿಗಿ ಕಲೀತೀನಿ ಅಂತ ಕುಂತಾಳ.”

ಮಹೇಕ ಬಾಗಿಲಿಗೆ ಬಂದಳು. ಕಾಂತಾಳನ್ನು ಕಂಡು ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡಳು. ನಮಸ್ಕಾರ ಮಾಡಿದಳು, ನಗಲಿಲ್ಲ. ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಬಸ್ಸಿನಲ್ಲಿ ಬರುವಾಗ ಕಾಂತಾ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಈಗ ಒಂದೂ ನೆನಪಾಗಲಿಲ್ಲ.

“ನಿನ್ನ ತಪ್ಪಿಲ್ಲ” ಎಂದಳು. “ಅದನ್ನ ಹೇಳಾಕ ಬಂದೇನಿ. ನೀ ಮಾಡಿದ್ದು ಬರೋಬರಿ ಇತ್ತು. ನಾ ಅವತ್ತ ಅಂದಿದ್ದ ಸುಳ್ಳ.”

ಮಹೇಕ ನೆಲದ ಮೇಲಿನ ಅಕ್ಕಿಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕತೊಡಗಿದಳು.

“ಆ ಆಯಿ ಬ್ಯಾಡ ಅಂದಾಗ ನನಗ ಹೆದರಿಕಿ ಆತ್ರಿ,” ಎಂದಳು ಕೊನೆಗೆ. “ನಾಪಾಸ ಆಗ್ತೇನಿ ಅನ್ನೂದ ಗೊತ್ತಿತ್ತು. ಬಟ್ಟಿ ಹಿಡಕೊಂಡ ವಿಚಾರ ಮಾಡಿದ್ನಿ. ನೀವು ಬಾಜೂಕ ಇದ್ರೆಲ್ಲಾ, ಒಂದ ಮಾತ ಅಂತೀರಿ ಅಂತ ಅನಕೊಂಡ ಕೆಳಗ ಇಟ್ಟೆ. ನಾಪಾಸ ಆಗಿದ್ದ ಹೋಗ್ಲಿ ಬಿಡ್ರಿ. ನೀವು ಹಂಗಂದ್ರಲ್ಲ, ಅದು…”

“ನಂಗ ಭಾಳ ದಣಿವಾಗಿತ್ತು” ಎಂದಳು ಕಾಂತಾ. ಹೇಳಿದ ಮೇಲೆ ಆ ಮಾತು ಅವಳಿಗೇ ಬಡವಾಗಿ ಕಂಡಿತು. “ದಣದಾಗ ಮನಶ್ಯಾ ಸಣ್ಣವ ಆಗ್ತಾನ. ನಾ ಆಗಿದ್ನಿ. ಬ್ಯಾರೆ ಏನೂ ಕಾರಣ ಇಲ್ಲ.”

ಅಲ್ಲಾಭಕ್ಷ ಗೋಡೆಯಿಂದ ಸರಿದು ನಿಂತ. “ಇದನ್ನ ಹೇಳಾಕ ಬೆಳಗಾವಿಂದ ಬಂದ್ರ್ಯಾ?”

“ಹೌದ್ರಿ.”

ಅವನು ಹೆಂಡತಿಗೆ ಉರ್ದುವಿನಲ್ಲಿ ಏನೋ ಹೇಳಿದ. ಮದರಬೀ ಎದ್ದು ಒಳಗೆ ಹೋಗಿ ಚಹಾ ಇಟ್ಟಳು.

ಮಹೇಕ ಈಗ ನೇರವಾಗಿ ಕಾಂತಾಳ ಮುಖ ನೋಡಿದಳು. “ಮಾರ್ಚ್‌ದಾಗ ಬಂದ ಕುಂತ್ನಿ ಅನ್ರಿ. ಮತ್ತ ಯಾರರ ಬ್ಯಾಡ ಅಂದ್ರ?”

ಕಾಂತಾ ಯೋಚಿಸಿ ಹೇಳಿದಳು. “ಬ್ಯಾರೆ ಪೇಶಂಟ್ ಕೊಡ್ರಿ ಅಂತ ಕೇಳು. ನೀ ಕೇಳೂದ ಬ್ಯಾಡ, ನಾನ ಕೇಳ್ತೇನಿ. ಅವತ್ತ ನಾ ಅಷ್ಟ ಮಾಡಿದ್ರ ಸಾಕಾಗಿತ್ತು.”

“ಖರೇ ಕೇಳ್ತೀರಿ?”

“ಕೇಳ್ತೇನಿ.”

ಮಹೇಕ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಚಹಾ ಕುಡಿದು ಕಾಂತಾ ಎದ್ದಳು. ಬಸ್‌ಸ್ಟ್ಯಾಂಡಿನ ತನಕ ಅಲ್ಲಾಭಕ್ಷ ಜೊತೆಗೆ ನಡೆದು ಬಂದ. ದಾರಿಯುದ್ದ ಮಗಳ ಮಾತೆತ್ತಲಿಲ್ಲ. ಮಳೆ ಈ ಸಲ ಹೆಚ್ಚಾಯಿತು, ಹಸಿ ಹೆಂಚು ಒಣಗುತ್ತಿಲ್ಲ ಎಂದಷ್ಟೇ ಹೇಳಿದ.

ಪ್ರಿನ್ಸಿಪಾಲ್ ಗುರುಸಿದ್ದ ಕೆಟ್ಟ ಮನುಷ್ಯನೇನಲ್ಲ. ಕಾಂತಾ ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಪೂರ್ತಿ ಓದಿದ. ಪರೀಕ್ಷೆಗೆ ಬೇಕಾದ ಪೇಶಂಟುಗಳನ್ನು ಹಿಂದಿನ ದಿನವೇ ಕೇಳಬೇಕು. ಒಬ್ಬರನ್ನು ಒಂದು ಸಲಕ್ಕಿಂತ ಹೆಚ್ಚು ಬಳಸಬಾರದು. ಒಪ್ಪಿದವರೂ ಪರೀಕ್ಷೆಯ ಹೊತ್ತಿಗೆ ಬೇಡ ಅಂದರೆ ಬಿಡಬೇಕು, ವಿದ್ಯಾರ್ಥಿನಿಗೆ ಬೇರೆ ಪೇಶಂಟು ಕೊಡಬೇಕು.

“ಆಸ್ಪತ್ರಿಗೆ ಬರೂ ಮಂದಿ ನಮ್ಮ ಪರೀಕ್ಷಾ ಸಲುವಾಗಿ ಬರೂದಿಲ್ಲ ಅಂತೀರಿ. ಖರೆ ಐತಿ” ಎಂದ ಅವನು. “ಆದ್ರ ಅಷ್ಟ ಪೇಶಂಟ್ ಎಲ್ಲಿಂದ ತರ್ಲಿ? ಪರೀಕ್ಷಾಕ ನಮಗ ಕೊಟ್ಟಿದ್ದು ಒಂದ ಹೆಂಗಸರ ವಾರ್ಡು. ನೀವರ ಇನ್ನ ಎಷ್ಟ ದಿನ ಇರ್ತೀರಿ, ಯಾಕ ತಲೀಗೆ ಹಚಗೋತೀರಿ?”

“ನಾ ಇರೂತನಕ ಮಾಡ್ತೇನ್ರಿ.”

“ಮತ್ತ ಆ ಹುಡುಗಿ ಮಾರ್ಕ್ಸ್?”

“ಅದು ಹೋತು. ಲಕೋಟಿ ಮುಚ್ಚಿ ಕೊಟ್ಟ ಮ್ಯಾಲೆ ನಾ ಏನ್ ಮಾಡ್ಲಿ?” ಹೀಗೆ ಹೇಳುವಾಗ ಅವಳ ದನಿ ಸಣ್ಣದಾಯಿತು.

ಗುರುಸಿದ್ದ ಹಾಳೆ ಮಡಚಿ ಡ್ರಾವರಿನಲ್ಲಿಟ್ಟ. “ಮಾರ್ಚ್‌ದಾಗ ನೋಡೂಣು” ಎಂದ.

ರಂಜಾನ್ ಹಬ್ಬ ಮುಗಿದು ಒಂದು ವಾರಕ್ಕೆ ಮಹೇಕ ಟ್ರಂಕು ಹೊತ್ತು ಹಾಸ್ಟೆಲಿಗೆ ಮರಳಿದಳು. ಕಾಂತಾ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ “ಹಾಜರ್ರಿ” ಎಂಬ ದನಿ ಕೇಳಿ ಕತ್ತೆತ್ತಿದಳು. ಆಮೇಲಿನ ದಿನಗಳಲ್ಲಿ ಮಹೇಕ ಅವಳ ಹತ್ತಿರ ಬಂದದ್ದು ಕೆಲಸವಿದ್ದಾಗ ಮಾತ್ರ. ಬೇರೆ ಹುಡುಗಿಯರು ಕಾಂತಾಳ ಕೈಚೀಲ ಹಿಡಿದು ಬಸ್‌ಸ್ಟಾಪಿನವರೆಗೆ ಬರುತ್ತಿದ್ದರು. ಮಹೇಕ ಬರುತ್ತಿರಲಿಲ್ಲ. ಕಾಂತಾ ಅದನ್ನು ನಿರೀಕ್ಷಿಸುವ ಹಕ್ಕು ತನಗಿಲ್ಲವೆಂದುಕೊಂಡಳು.

ಮಾರ್ಚಿನ ಪರೀಕ್ಷೆಗೆ ಮಹೇಕಳೂ, ಹಿಂದಿನ ವರ್ಷಗಳಲ್ಲಿ ಉಳಿದವರೂ ಸೇರಿ ಒಂಬತ್ತು ಹುಡುಗಿಯರು. ಹಿಂದಿನ ದಿನ ಮಧ್ಯಾಹ್ನ ಕಾಂತಾ ವಾರ್ಡಿನ ಒಂದೊಂದು ಕಾಟಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಳು. ಏನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ನೋಡುತ್ತ ನಿಂತಿರುತ್ತಾರೆ ಎಂದು ಹೇಳಿ, ಉತ್ತರ ಬರುವ ತನಕ ಕಾದಳು. ಅದಕ್ಕೆ ಎರಡೂವರೆ ಗಂಟೆ ಹಿಡಿಯಿತು. ಹದಿನಾಲ್ಕು ಜನರಲ್ಲಿ ಎಂಟು ಜನ ಹೂಂ ಅಂದರು. ಒಬ್ಬ ಹೆಂಗಸು, “ಮೈ ತೋರಿಸಾಕ ನಾಚಿಕಿ ಬರತೈತಿ” ಎಂದಳು. ಇನ್ನೊಬ್ಬಳು ಕಾರಣವನ್ನೇ ಹೇಳದೆ ಗೋಡೆಯ ಕಡೆ ಹೊರಳಿದಳು. ಕಾಂತಾ ಆಗಲಿ ಎಂದು ಎದ್ದಳು. ಒಂಬತ್ತನೆಯವಳಿಗೆ ಪೇಶಂಟು ಸಾಲದೆ ಬಂತು. ರಾತ್ರಿ ಯಾರಾದರೂ ಹೊಸಬರು ಸೇರಿದರೆ ಕೇಳೋಣ ಎಂದು ಬಿಟ್ಟಳು.

ಮರುದಿನ ಬೆಳಿಗ್ಗೆ ಹೂಂ ಎಂದಿದ್ದವರಲ್ಲಿ ಒಬ್ಬಳು ಮನಸ್ಸು ಬದಲಿಸಿದಳು. ಆ ಸಲ ಬಂದ ಪರೀಕ್ಷಕಿ ವಯಸ್ಸಾದವಳು, ಗೊಣಗುವ ಸ್ವಭಾವದವಳು. “ಇದ್ಯಾವ ಹೊಸಾ ಪದ್ಧತಿರಿ? ಪೇಶಂಟ್ ಕೈಯಾಗ ಪರೀಕ್ಷಾ ಕೊಟ್ಟಂಗ ಆತು” ಎಂದಳು.

“ಬ್ಯಾರೆಯವರನ್ನ ಕೇಳಿ ಬರ್ತೇನ್ರಿ. ಸ್ವಲ್ಪ ಹೊತ್ತ ಕೊಡ್ರಿ” ಎಂದಳು ಕಾಂತಾ. ಪಕ್ಕದ ಪರದೆಯ ಬಳಿ ಟ್ರಾಲಿ ಹಿಡಿದು ನಿಂತಿದ್ದ ಮಹೇಕ ಅದನ್ನು ಕೇಳಿಸಿಕೊಂಡಳು. ಕಾಂತಾ ಮೇಲಿನ ಮಹಡಿಯ ಬಾಣಂತಿಯರ ವಾರ್ಡಿಗೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಸ್ಪಂಜ್ ಬಾತ್‌ಗೆ ಒಪ್ಪಿದ ಒಬ್ಬಳು ಬಾಣಂತಿ ಸಿಕ್ಕಳು. ರಾತ್ರಿ ಹೊಸದಾಗಿ ಸೇರಿದ ಮುದುಕಿಯೊಬ್ಬಳು, ಮೈ ಎಲ್ಲ ಬ್ಯಾಡ, ಕೈಕಾಲಷ್ಟ ಒರಸ್ರಿ ಎಂದಳು. ಅಷ್ಟಕ್ಕೇ ಮಾರ್ಕ್ಸ್ ಕೊಡಿ ಎಂದು ಪರೀಕ್ಷಕಿಯನ್ನು ಕೇಳಿಕೊಳ್ಳಬೇಕಾಯಿತು. ಒಂದು ಗಂಟೆಗೆ ಮುಗಿಯಬೇಕಾದ ಪರೀಕ್ಷೆ ನಾಲ್ಕೂವರೆಗೆ ಮುಗಿಯಿತು.

ಮಹೇಕಳಿಗೆ ಸಿಕ್ಕವಳು ಬಸವಣ್ಣೆವ್ವ ಎಂಬ ದಡೂತಿ ಹೆಂಗಸು. ಹೊಟ್ಟೆಯ ಆಪರೇಶನ್ ಆಗಿ ಹತ್ತು ದಿನವಾಗಿತ್ತು. ಮಹೇಕ ಕೇಳಿದಾಗ, “ಒರಸವಾ ಒರಸು, ಬೆವತ ಸಾಯಾಕ ಹತ್ತೇನಿ” ಎಂದು ತೋಳು ಚಾಚಿದಳು. ಮಹೇಕ ತನ್ನ ನಿಧಾನದ ಕೈಯಿಂದಲೇ ಒರೆಸಿದಳು. ಒಂದು ಭಾಗ ಒರೆಸುವಾಗ ಉಳಿದದ್ದನ್ನು ಮುಚ್ಚಿಡುತ್ತಾ, ನಡುವೆ ನೀರು ಬದಲಿಸುತ್ತಾ, ಹೊಲಿಗೆ ಹಾಕಿದ ಜಾಗ ತಪ್ಪಿಸುತ್ತಾ ಸಾಗಿದಳು. ಸಮಯ ಐದು ನಿಮಿಷ ಮೀರಿತು. ಪರೀಕ್ಷಕಿ ಹಾಳೆಯಲ್ಲಿ ‘ನಿಧಾನ’ ಎಂದು ಬರೆದಳು. ಪಾಸಾಗುವಷ್ಟು ಅಂಕ ಕೊಟ್ಟಳು.

ಎಲ್ಲ ಮುಗಿದ ಮೇಲೆ ಗುರುಸಿದ್ದ ಆಫೀಸಿನ ಬಾಗಿಲಲ್ಲಿ ಸಿಕ್ಕ. “ಮೂರೂವರಿ ತಾಸು ತಡಾ ಮಾಡಿದ್ರಿ, ಮೇಡಂ. ಆ ಪರೀಕ್ಷಕಿ ನನ್ನ ಮ್ಯಾಲೆ ಹಾರಾಡಿ ಹೋದ್ಳು.”

“ಮುಂದಿನ ಸಲಾನೂ ತಡಾ ಆಗ್ತದ್ರಿ” ಎಂದಳು ಕಾಂತಾ.

“ಮುಂದಿನ ಸಲ ನೀವಿರ್ತೀರಿ. ಅದರ ಮುಂದ ಯಾರು ಮಾಡ್ತಾರ್ರಿ ಇದನ್ನ?”

“ಗೊತ್ತಿಲ್ರಿ” ಎಂದು ಕಾಂತಾ ಕೈಚೀಲ ತೆಗೆದುಕೊಳ್ಳಲು ಸ್ಟೋರ್ ರೂಮಿಗೆ ಹೋದಳು. ಅಲ್ಲಿ ಮಹೇಕ ಇನ್ನಿಬ್ಬರ ಜೊತೆ ಬೇಸಿನ್ನುಗಳನ್ನು ತಿಕ್ಕಿ ಬೋರಲು ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತ ಕಾಂತಾಳನ್ನು ನೋಡಿದಳು.

“ಮೇಡಂ, ಊಟ ಮಾಡೀರೇನ್ರಿ?”

“ಇಲ್ಲ. ಮನಿಗೆ ಹೋಗಿ ಮಾಡ್ತೇನಿ.”

“ಹೂಂರಿ” ಎಂದು ಮಹೇಕ ಮುಂದಿನ ಬೇಸಿನ್ ಎತ್ತಿಕೊಂಡಳು. ಅಷ್ಟೇ ಮಾತು. ಆದರೆ ಹಾಸ್ಟೆಲಿಗೆ ಮರಳಿದ ಮೇಲೆ, ಕೆಲಸದ ಮಾತು ಬಿಟ್ಟು, ಆಕೆ ತಾನಾಗಿ ಆಡಿದ ಮೊದಲ ಮಾತು ಅದಾಗಿತ್ತು.

ಸಂಜೆಯ ಸಿಟಿ ಬಸ್ಸಿನಲ್ಲಿ ಅಂದು ಕಾಂತಾಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ತಲೆಯನ್ನು ಕಂಬಿಗೆ ಆನಿಸಿ ಕೂತಳು. ನಿದ್ದೆ ಯಾವಾಗ ಬಂತೋ ತಿಳಿಯಲಿಲ್ಲ. ಕಂಡಕ್ಟರ್ ತೋಳು ಮುಟ್ಟಿ ಎಬ್ಬಿಸಿದಾಗ ಬಸ್ಸು ಅನಗೋಳ ದಾಟಿ ಕೊನೆಯ ಸ್ಟಾಪಿಗೆ ಬಂದು ನಿಂತಿತ್ತು. “ಎಲ್ಲೆ ಇಳೀಬೇಕಿತ್ರಿ, ಅಕ್ಕಾರ?” ಎಂದು ಅವನು ಕೇಳಿದ. “ಹಿಂದ” ಎಂದು ಅವಳು ಕೆಳಗಿಳಿದಳು. ತಿರುಗಿ ಹೋಗುವ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು. ಕಾಯಲು ಮನಸ್ಸಾಗದೆ, ಇಳಿಬಿಸಿಲಿನಲ್ಲಿ ಮನೆಯ ದಾರಿ ಹಿಡಿದು ನಿಧಾನವಾಗಿ ನಡೆಯತೊಡಗಿದಳು.